ಹಾರುವ ಕಾರು ಮೊಳಕಾಲ್ಮುರಿಗೆ ಬಂದೀತೆ?

ಚಳ್ಳಕೆರೆಯ ಬಸ್ ನಿಲ್ದಾಣದಲ್ಲಿ ಬೆಳಗಿನ ಎಂಟು ಗಂಟೆಯ ಹೊತ್ತಿಗೆ ನಿಂತವರಿಗೆ ಪ್ರಯಾಣವೆಂದರೇನೆಂಬುದನ್ನು ಮತ್ತೊಬ್ಬರು ವಿವರಿಸಬೇಕಾಗಿಲ್ಲ. ಬಳ್ಳಾರಿಯ ಕಡೆಗೆ ಹೊರಡುವ ಬಸ್ಸು ಬಂದು ನಿಲ್ಲುವುದಕ್ಕೆ ಮೊದಲೇ ಅದರ ಕಿಟಕಿಗಳ ಮೂಲಕ ಟವಲು, ಕೈಚೀಲ, ಒಮ್ಮೊಮ್ಮೆ ಚಿಕ್ಕ ಮಗುವೂ ಒಳಗೆ ಸೇರಿ ಸ್ಥಳ ಹಿಡಿದಿರುತ್ತವೆ. ಶೇಂಗಾ ಚೀಲದೊಡನೆ ರೈತ, ಕಂಬಳಿಯ ಕಟ್ಟಿನೊಡನೆ ವ್ಯಾಪಾರಿ, ಪುಸ್ತಕಗಳನ್ನು ಎದೆಗವಚಿಕೊಂಡ ಕಾಲೇಜು ಹುಡುಗಿ, ಆಸ್ಪತ್ರೆಯ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡ ಮುದುಕಿ, ಎಲ್ಲರೂ ಹತ್ತುತ್ತಾರೆ. ಇನ್ನು ಒಂದು ಹುಲ್ಲುಕಡ್ಡಿಗೂ ಎಡೆಯಿಲ್ಲವೆಂದು ತೋರುವ ಹೊತ್ತಿಗೆ ಕಂಡಕ್ಟರನ ಕೂಗು ಕೇಳುತ್ತದೆ: “ಒಳಕ್ ನಡೀರಿ, ಒಳಕ್ ನಡೀರಿ, ಇನ್ನೂ ಜಾಗ ಐತೆ!”

ಈ ನೆಲದ ಗದ್ದಲಕ್ಕೂ ಇದೇ ಸೀಮೆಯ ಆಕಾಶಕ್ಕೂ ಎಷ್ಟೊಂದು ಅಂತರ! ಅಲ್ಲಿ ಆಗಾಗ ಚಾಲಕನಿಲ್ಲದ ವಿಮಾನವೊಂದು ಗುಂಯ್‌ಗುಡುತ್ತ ಸುತ್ತು ಹಾಕುವುದುಂಟು. ಬಸ್ಸಿಗಾಗಿ ಕಾದು ಬೇಸತ್ತ ಹುಡುಗನೊಬ್ಬನು ಅದರತ್ತ ಬೆರಳು ತೋರಿ, “ತಾತಾ, ನಾವು ಅದ್ರಾಗೆ ಊರಿಗೆ ಹೋಗಬೋದಾ?” ಎಂದು ಕೇಳಿದರೆ ಆಶ್ಚರ್ಯವಿಲ್ಲ. “ಅದ್ರಾಗೆ ಡ್ರೈವರ್ರೇ ಇರಲ್ಲಂತೆ ಕಣಪ್ಪಾ. ಅವನಿಗೇ ಇಲ್ಲದ ಸೀಟು ನಮಗೆಲ್ಲಿ?” ಎಂದು ತಾತನು ನಕ್ಕುಬಿಟ್ಟರೆ ಅದೂ ಆಶ್ಚರ್ಯವಲ್ಲ. ಆದರೆ ಹುಡುಗನ ಪ್ರಶ್ನೆ ನಗೆಯಲ್ಲಿ ತೇಲಿಹೋಗುವಂಥದಲ್ಲ. ಮನೆಯ ಅಂಗಳದಿಂದ ಎದ್ದು ಹಾರಿ, ಕಚೇರಿಯ ಬಾಗಿಲಲ್ಲಿ ಇಳಿಯುವ ಕಾರಿನ ಕನಸನ್ನು ಲೋಕವು ನೂರು ವರ್ಷಗಳಿಂದ ಕಾಣುತ್ತಲೇ ಬಂದಿದೆ. ಆ ಕನಸು ದಿನನಿತ್ಯದ ಬಾಳಿಗೆ ಒದಗೀತೇ ಎಂಬುದನ್ನು ತೂಗಿ ನೋಡಲು ಚಳ್ಳಕೆರೆ–ಮೊಳಕಾಲ್ಮುರುಗಳ ಹಾದಿಗಿಂತ ತಕ್ಕ ಸ್ಥಳವು ದೊರೆಯುವುದು ಕಷ್ಟ.

ಎಣ್ಣೆ, ಕಂಬಳಿ, ಎತ್ತು

ಚಿತ್ರದುರ್ಗ ಜಿಲ್ಲೆಯ ಈ ಎರಡು ತಾಲೂಕುಗಳೂ ರಾಜ್ಯದ ಅತಿ ಕಡಿಮೆ ಮಳೆಯ ಪ್ರದೇಶಗಳಲ್ಲಿ ಸೇರಿದವು. ಕಣ್ಣು ಹರಿಯುವಷ್ಟು ದೂರ ಬಯಲು. ನಡುನಡುವೆ ಬಂಡೆಗಳನ್ನು ಪೇರಿಸಿಟ್ಟಂಥ ಗುಡ್ಡಗಳು. ಶೇಂಗಾ ಹೊಲ, ಜಾಲಿ, ಈಚಲು. ಶೇಂಗಾ ಬೆಳೆಯ ಕಾರಣದಿಂದ ಚಳ್ಳಕೆರೆಗೆ ಎಣ್ಣೆಯ ನಗರವೆಂಬ ಹೆಸರು ಬಂದಿತು. ಕುರಿಯ ಕಾರಣದಿಂದ ಕಂಬಳಿಯ ಸಂತೆ ಬಂದಿತು. ಊರಿನ ಸಮೀಪದ ದೊಡ್ಡೇರಿಯಲ್ಲಿ 1695ರಲ್ಲಿ ಮೊಗಲ ಸೇನಾಪತಿ ಖಾಸಿಂಖಾನನನ್ನು ಮರಾಠರ ಸಂತಾಜಿ ಘೋರ್ಪಡೆಯು ಮುತ್ತಿಗೆ ಹಾಕಿ ಸೋಲಿಸಿದನೆಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು. ವೇಗವಾಗಿ ಬಂದು ವೇಗವಾಗಿ ಮರೆಯಾಗುವ ಕುದುರೆಯ ದಂಡಿಗೆ ಈ ಬಯಲು ಹೇಳಿ ಮಾಡಿಸಿದಂತಿತ್ತು.

ಕುದುರೆಗಿಂತಲೂ ಹೆಚ್ಚಾಗಿ ಈ ಸೀಮೆಗೆ ಹೆಸರು ತಂದದ್ದು ಎತ್ತು. ಮೈಸೂರಿನ ಚಿಕ್ಕದೇವರಾಜ ಒಡೆಯರು ಅರಮನೆಯ ದನಗಳಿಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯನ್ನು ನಿಲ್ಲಿಸಿದರು. ಟಿಪ್ಪುಸುಲ್ತಾನನು ಅದಕ್ಕೆ ‘ಅಮೃತ ಮಹಲ್’ ಎಂಬ ಹೆಸರು ಕೊಟ್ಟನು. ಆ ದನಗಳು ಮೇಯುವುದಕ್ಕೆಂದು ಮೀಸಲಾದ ವಿಶಾಲ ಹುಲ್ಲುಗಾವಲುಗಳೇ ಅಮೃತ ಮಹಲ್ ಕಾವಲುಗಳು. ಹೈದರಾಲಿಯು ಚಿದಂಬರದ ನೆರವಿಗೆ ಎರಡೂವರೆ ದಿನಗಳಲ್ಲಿ 100 ಮೈಲಿ ದಂಡನ್ನು ನಡೆಸಿದ್ದು ಈ ತಳಿಯ ಎತ್ತುಗಳ ಬಲದಿಂದಲೇ ಎಂದು ಹಳೆಯ ಗ್ರಂಥಗಳು ಹೇಳುತ್ತವೆ. ಫಿರಂಗಿಯ ಭಾರವನ್ನು ಎಳೆಯುತ್ತ, ಹಗಲಿರುಳೆನ್ನದೆ, ಕುದುರೆಗೆ ಸರಿಸಮನಾಗಿ ಸಾಗುವ ಎತ್ತು ಆ ಕಾಲಕ್ಕೆ ಒಂದು ಅದ್ಭುತವೇ ಸರಿ.

ಎಂದರೆ, ಪ್ರಯಾಣದ ಹೊಸ ಸಾಧನವನ್ನು ಸಾಕಿ ಬೆಳೆಸುವ ಕೆಲಸವು ಈ ಕಾವಲುಗಳಿಗೆ ಹೊಸದಲ್ಲ. ಹಿಂದೆ ಅಲ್ಲಿ ಹುಲ್ಲು ಮೇಯ್ದು ಬೆಳೆದದ್ದು ಎತ್ತು. ಇಂದು ಅಲ್ಲಿ ರೆಕ್ಕೆ ಬಲಿಯುತ್ತಿರುವುದು ವಿಮಾನಕ್ಕೆ.

ಕಾವಲಿಗೆ ಬಂದ ರೆಕ್ಕೆ

ನಾಯಕನಹಟ್ಟಿಯೆಂದೊಡನೆ ತಿಪ್ಪೇರುದ್ರಸ್ವಾಮಿಯ ರಥೋತ್ಸವವನ್ನು ನೆನೆಯುವವರೇ ಹೆಚ್ಚು. ಆ ಊರಿನ ಆಸುಪಾಸಿನ ಕಾವಲುಗಳಲ್ಲಿ 2010ರ ಸುಮಾರಿಗೆ ಸಾವಿರಾರು ಎಕರೆಗಳನ್ನು ದೇಶದ ದೊಡ್ಡ ವಿಜ್ಞಾನ ಸಂಸ್ಥೆಗಳಿಗೆ ಬಿಟ್ಟುಕೊಡಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ. ರಕ್ಷಣಾ ಸಂಶೋಧನಾ ಸಂಸ್ಥೆಗೆ ಸುಮಾರು 4,300 ಎಕರೆ. ಅಣುಶಕ್ತಿ ಮತ್ತು ಬಾಹ್ಯಾಕಾಶ ಇಲಾಖೆಗಳಿಗೂ ಪಾಲು ದೊರೆಯಿತು. ರಕ್ಷಣಾ ಸಂಸ್ಥೆಯು ಇಲ್ಲಿ ಕಟ್ಟಿದ ವೈಮಾನಿಕ ಪರೀಕ್ಷಾ ವಲಯವು 2017ರ ಮೇ 28ರಂದು ವಿಧ್ಯುಕ್ತವಾಗಿ ಉದ್ಘಾಟನೆಗೊಂಡಿತು. ಅದಕ್ಕೂ ಮೊದಲೇ, 2016ರ ನವೆಂಬರಿನಲ್ಲಿ, ‘ರುಸ್ತುಂ-2’ ಎಂಬ ಚಾಲಕರಹಿತ ವಿಮಾನವು ಇಲ್ಲಿಂದ ಮೊದಲ ಸಲ ಮೇಲೆದ್ದಿತ್ತು. 2022ರ ಜುಲೈ 1ರಂದು ಬಾಲವೇ ಇಲ್ಲದ, ರೆಕ್ಕೆಯೇ ದೇಹವಾದ ಮತ್ತೊಂದು ವಿಮಾನವು ತಾನೇ ಎದ್ದು, ತಾನೇ ಹಾರಿ, ತಾನೇ ಇಳಿಯಿತು.

ಎಲ್ಲಕ್ಕಿಂತ ಮಿಗಿಲಾಗಿ ಜನರ ಮನಸ್ಸನ್ನು ಸೆಳೆದದ್ದು ಬಾಹ್ಯಾಕಾಶ ಸಂಸ್ಥೆಯ ‘ಪುಷ್ಪಕ್’. ಬಾಹ್ಯಾಕಾಶಕ್ಕೆ ಹೋಗಿ ಮರಳಿ ಬಂದು, ಮತ್ತೆ ಮತ್ತೆ ಬಳಕೆಗೆ ಒದಗಬೇಕಾದ ರೆಕ್ಕೆಯ ವಾಹನದ ಚಿಕ್ಕ ಮಾದರಿ ಅದು. 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು 2024ರ ಜೂನ್ 23, ಈ ಮೂರು ದಿನಗಳಂದು ವಾಯುಪಡೆಯ ಚಿನೂಕ್ ಹೆಲಿಕಾಪ್ಟರು ಇಂಥ ವಾಹನವನ್ನು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಹೊತ್ತೊಯ್ದು ಕೈಬಿಟ್ಟಿತು. ಅದು ಯಾರ ನೆರವೂ ಇಲ್ಲದೆ ತನ್ನ ದಾರಿಯನ್ನು ತಾನೇ ತಿದ್ದಿಕೊಳ್ಳುತ್ತ ಬಂದು ಓಡುದಾರಿಯ ಮೇಲೆ ನಿಂತಿತು. ಮೂರನೆಯ ಸಲ ಅದು ನೆಲ ಮುಟ್ಟಿದಾಗ ವೇಗವು ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು! ಬಾಲದಲ್ಲಿ ಅರಳಿದ ಪ್ಯಾರಾಚೂಟು ಆ ವೇಗವನ್ನು 100ರ ಸಮೀಪಕ್ಕೆ ಇಳಿಸಿತು.

ಇಷ್ಟನ್ನು ಕೇಳಿದ ಯಾರಿಗಾದರೂ, ‘ಚಾಲಕನಿಲ್ಲದೆಯೇ ಇಷ್ಟೆಲ್ಲ ನಡೆಯುವುದಾದರೆ ಹಾರುವ ಕಾರೇಕೆ ತಡ?’ ಎನ್ನಿಸುವುದು ಸಹಜ. ಆದರೆ ಇದೇ ಬಯಲು ಬೇರೊಂದು ಪಾಠವನ್ನೂ ಹೇಳುತ್ತದೆ. 2019ರ ಸೆಪ್ಟೆಂಬರ್ 17ರಂದು ಪರೀಕ್ಷೆಯಲ್ಲಿದ್ದ ರುಸ್ತುಂ-2 ವಿಮಾನವೊಂದು ಚಳ್ಳಕೆರೆ ತಾಲೂಕಿನ ಜೋಡಿಚಿಕ್ಕೇನಹಳ್ಳಿಯ ತೋಟದಲ್ಲಿ ಬಿದ್ದಿತು. 2023ರ ಆಗಸ್ಟ್ 20ರಂದು ‘ತಪಸ್’ ವಿಮಾನವೊಂದು ಹಿರಿಯೂರು ತಾಲೂಕಿನ ವದ್ದೀಕೆರೆಯ ಹೊಲಕ್ಕೆ ಉರುಳಿತು. ಪರೀಕ್ಷೆಯೆಂದ ಮೇಲೆ ತಪ್ಪುವುದೂ ಉಂಟು. ತಪ್ಪನ್ನು ಕಂಡು ತಿದ್ದುವುದಕ್ಕೇ ಪರೀಕ್ಷೆ. ಅದೃಷ್ಟವಶಾತ್ ಎರಡು ಸಲವೂ ಪ್ರಾಣಹಾನಿಯಾಗಲಿಲ್ಲ. ಬಯಲು ಸೀಮೆಯಾದ್ದರಿಂದ ಕೆಳಗಿದ್ದದ್ದು ತೋಟ ಮತ್ತು ಹೊಲ. ಕೆಳಗಿದ್ದದ್ದು ಬೆಂಗಳೂರಿನ ಚಿಕ್ಕಪೇಟೆಯಾಗಿದ್ದರೆ? ರಸ್ತೆಯ ಮೇಲೆ ಕೆಟ್ಟ ಕಾರು ಮರದ ನೆರಳಿನಲ್ಲಿ ನಿಲ್ಲುತ್ತದೆ. ಆಕಾಶದಲ್ಲಿ ಕೆಟ್ಟದ್ದಕ್ಕೆ ನಿಲ್ಲಲು ನೆರಳಿಲ್ಲ.

ಹಾರುವುದಕ್ಕೆ ಆಕಾಶ ಸಾಕೆಂಬುದು ಮೇಲುನೋಟದ ಮಾತು. ಹಾರುವುದಕ್ಕೆ ಮೊದಲು ಬೇಕಾದದ್ದು ನೆಲ. ಒಂದು ಓಡುದಾರಿ, ಅದರ ಸುತ್ತ ಯಾರೂ ಸುಳಿಯದ ಬಯಲು, ಕಾಯುವ ಗೋಪುರ, ಕಣ್ಣಿಟ್ಟ ರಾಡಾರು. ಆ ನೆಲವು ಎಲ್ಲಿಂದಲೋ ಉದುರಿ ಬಂದದ್ದಲ್ಲ. ಕಾವಲಿನ ಸುತ್ತ ಗೋಡೆ ಎದ್ದಾಗ, ತಲೆತಲಾಂತರದಿಂದ ಅಲ್ಲಿ ಕುರಿದನ ಮೇಯಿಸಿಕೊಂಡಿದ್ದ ಹಟ್ಟಿಗಳ ಜನರು ಗೋಡೆಯ ಈಚೆ ಉಳಿದರು. ಕೃಷ್ಣಮೃಗಗಳ ಓಡಾಟದ ಬಯಲೂ ತುಂಡಾಯಿತು. ವಿಷಯವು 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ವರೆಗೂ ಹೋಯಿತು. ದೇಶದ ರಕ್ಷಣೆಗೆ ಇಂಥ ವಲಯವು ಬೇಕು ಎನ್ನುವವರ ಮಾತಿನಲ್ಲೂ ಸತ್ಯವಿದೆ. ಹುಲ್ಲಿಲ್ಲದೆ ಕುರಿಯಿಲ್ಲ, ಕುರಿಯಿಲ್ಲದೆ ಕಂಬಳಿಯಿಲ್ಲ ಎನ್ನುವವರ ಮಾತಿನಲ್ಲೂ ಸತ್ಯವಿದೆ. ಊರೂರಿಗೆ, ಮನೆಮನೆಗೆ ಹಾರುವ ಕಾರು ಬರಲೆಂದು ಬಯಸುವವರು, ಅವುಗಳಿಗೆ ಏಳಲು–ಇಳಿಯಲು ಬೇಕಾಗುವ ನೆಲವನ್ನು ಯಾರಿಂದ ಪಡೆಯುವುದೆಂಬುದನ್ನೂ ಯೋಚಿಸಬೇಕಾಗುತ್ತದೆ.

ನೆಲ ಹೊರುತ್ತಿದ್ದ ಭಾರ

ಓಡುದಾರಿಯೇ ಬೇಡ, ಹೆಲಿಕಾಪ್ಟರಿನಂತೆ ನಿಂತಲ್ಲಿಂದಲೇ ಏಳುವ ಕಾರನ್ನು ಮಾಡಬಹುದಲ್ಲ ಎಂದು ಕೇಳುವವರುಂಟು. ಅಂಥವು ತಯಾರಾಗಿಯೂ ಇವೆ. ತೊಡಕಿರುವುದು ಭಾರದ ಲೆಕ್ಕದಲ್ಲಿ.

ರಸ್ತೆಯ ಮೇಲೆ ಓಡುವ ಕಾರಿನ ತೂಕವನ್ನು ಹೊರುವುದು ಎಂಜಿನ್ನಲ್ಲ, ಭೂತಾಯಿ. ಎಂಜಿನ್ನಿನ ಕೆಲಸ ಮುಂದಕ್ಕೆ ತಳ್ಳುವುದಷ್ಟೇ. ಆದ್ದರಿಂದಲೇ ಒಂದು ಸಣ್ಣ ಕಾರು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗಲು ಏಳೆಂಟು ಅಶ್ವಶಕ್ತಿ ಸಾಕು. ಅದಕ್ಕಿಂತ ಹಗುರವಾದ, ಇಬ್ಬರೇ ಕೂರುವ, 600 ಕಿಲೋಗ್ರಾಂ ತೂಕದ ಯಂತ್ರವು ಸಣ್ಣ ಪಂಖಗಳ ಬಲದಿಂದ ಗಾಳಿಯಲ್ಲಿ ಸುಮ್ಮನೆ ನಿಂತಿರಬೇಕಾದರೂ ನೂರು ಅಶ್ವಶಕ್ತಿಗೂ ಮೀರಿ ಬೇಕಾಗುತ್ತದೆ. ಒಂದಡಿ ಮುಂದೆ ಹೋಗದೆ, ಸುಮ್ಮನೆ ಬೀಳದೆ ಇರುವುದಕ್ಕೆ ತೆರುವ ಬೆಲೆ ಅದು! ಮೇಲೆದ್ದ ಬಳಿಕ ರೆಕ್ಕೆಯ ಆಸರೆಯಿಂದ ಸಾಗುವ ಯಂತ್ರಕ್ಕೆ ಈ ಖರ್ಚು ಬಹಳ ತಗ್ಗುತ್ತದೆ, ನಿಜ. ಆದರೆ ಏಳುವಾಗ ಮತ್ತು ಇಳಿಯುವಾಗ ತಪ್ಪಿದ್ದಲ್ಲ. ಹತ್ತಾರು ಕಿಲೋಮೀಟರಿನ ದಿನನಿತ್ಯದ ಪ್ರಯಾಣದಲ್ಲಿ ಏಳುವುದು ಇಳಿಯುವುದೇ ಮುಖ್ಯ ಭಾಗವಾಗಿಬಿಡುತ್ತದೆ. ಚಳ್ಳಕೆರೆಯ ಬೇಸಗೆಯಂಥ ಬೇಸಗೆಯಲ್ಲಿ ಕಾದ ಗಾಳಿಯು ತೆಳುವಾಗುವುದರಿಂದ ಪಂಖಗಳು ಇನ್ನಷ್ಟು ಹೆಣಗಬೇಕಾಗುತ್ತದೆ.

ಆ ಶಕ್ತಿಯನ್ನು ಎಲ್ಲಿಂದ ತರುವುದು? ಒಂದು ಕಿಲೋಗ್ರಾಂ ಪೆಟ್ರೋಲಿನಲ್ಲಿ ಅಡಗಿರುವುದು 12 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ. ಒಂದು ಕಿಲೋಗ್ರಾಂ ಬ್ಯಾಟರಿಯಲ್ಲಿ ಅಡಗಿರುವುದು ಕಾಲು ಯೂನಿಟ್ಟಿನ ಆಸುಪಾಸು. ಪೆಟ್ರೋಲ್ ಎಂಜಿನ್ನು ತನ್ನ ಶಕ್ತಿಯಲ್ಲಿ ಬಹುಪಾಲನ್ನು ಶಾಖವಾಗಿ ಕಳೆದುಕೊಳ್ಳುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿದರೂ ಬ್ಯಾಟರಿಯು ಬಹು ಹಿಂದೆ ಉಳಿಯುತ್ತದೆ. ಪೆಟ್ರೋಲಾದರೋ ಉರಿದಷ್ಟೂ ಹೊರೆ ಕಡಿಮೆಯಾಗುತ್ತದೆ. ಬ್ಯಾಟರಿಯನ್ನು ಬರಿದಾದ ಮೇಲೂ ಹೊರಲೇಬೇಕು. ಬುತ್ತಿಯನ್ನು ಉಂಡ ಮೇಲೂ ಬುತ್ತಿಯ ಭಾರ ಇಳಿಯದ ಪ್ರಯಾಣಿಕನ ಪಾಡು ಅದು.

ಪರದೇಶದ ಕನಸು, ಬೆಂಗಳೂರಿನ ಪ್ರಯೋಗ

ಹಾಗೆಂದು ಕನಸು ಕಂಡವರೆಲ್ಲ ಹುಚ್ಚರೆಂದು ಭಾವಿಸಬಾರದು. ಅಮೆರಿಕದ ಮೋಲ್ಟನ್ ಟೇಲರ್ ಎಂಬ ಎಂಜಿನಿಯರು 1949ರಲ್ಲಿ ‘ಏರೋಕಾರ್’ ಎಂಬ ವಾಹನವನ್ನು ಹಾರಿಸಿದನು. ಅದರ ರೆಕ್ಕೆಗಳನ್ನು ಮಡಿಸಿ ಹಿಂದೆ ಕಟ್ಟಿಕೊಂಡು ರಸ್ತೆಯಲ್ಲಿ ಹೋಗಬಹುದಾಗಿತ್ತು. 1956ರಲ್ಲಿ ಅದಕ್ಕೆ ಸರ್ಕಾರದ ಒಪ್ಪಿಗೆಯೂ ದೊರೆಯಿತು. ಆದರೂ ತಯಾರಾದದ್ದು ಒಟ್ಟು ಆರೇ ವಾಹನಗಳು. ಸ್ಲೊವಾಕಿಯಾದ ಸ್ಟೆಫಾನ್ ಕ್ಲೈನ್ ಎಂಬಾತನ ಹಾರುವ ಕಾರು 2021ರ ಜೂನ್ 28ರಂದು ನಿತ್ರಾ ನಗರದಿಂದ ಬ್ರಾಟಿಸ್ಲಾವಾ ನಗರಕ್ಕೆ 35 ನಿಮಿಷಗಳಲ್ಲಿ ಹಾರಿ, ಇಳಿದ ಮೇಲೆ ಮೂರು ನಿಮಿಷದೊಳಗೆ ರೆಕ್ಕೆ ಮಡಿಸಿ, ಪೇಟೆಯ ಬೀದಿಗೆ ನಡೆಯಿತು. ನೋಡಲು ಚೆಂದವೇ. ಆದರೆ ಅದು ಎದ್ದದ್ದೂ ವಿಮಾನ ನಿಲ್ದಾಣದಿಂದ, ಇಳಿದದ್ದೂ ವಿಮಾನ ನಿಲ್ದಾಣದಲ್ಲಿ. ನಿಂತಲ್ಲಿಂದ ಏಳುವ ಯಂತ್ರಗಳಿಗಾಗಿ ಹಣದ ಹೊಳೆ ಹರಿಸಿದ ಜರ್ಮನಿಯ ಲಿಲಿಯಮ್ ಮತ್ತು ವೋಲೋಕಾಪ್ಟರ್ ಕಂಪನಿಗಳೆರಡೂ 2024ರ ಕೊನೆಯ ತಿಂಗಳುಗಳಲ್ಲಿ ದಿವಾಳಿಯ ಅರ್ಜಿ ಹಾಕಬೇಕಾಯಿತು.

ಕನ್ನಡ ನಾಡಿನಲ್ಲೂ ಪ್ರಯೋಗಗಳು ನಡೆಯದೆ ಇಲ್ಲ. ಬೆಂಗಳೂರಿನ ವಿಮಾನ ನಿಲ್ದಾಣದಿಂದ ಎಲೆಕ್ಟ್ರಾನಿಕ್ ಸಿಟಿಗೆ 2018ರ ಮಾರ್ಚಿನಲ್ಲಿ ಹೆಲಿಕಾಪ್ಟರ್ ಟ್ಯಾಕ್ಸಿ ಆರಂಭವಾಯಿತು. ಕಾರಿನಲ್ಲಿ ಎರಡು ಗಂಟೆ ಹಿಡಿಯುವ ದಾರಿ ಹದಿನೈದು ನಿಮಿಷಕ್ಕೆ ಇಳಿಯಿತು. ತೆರಿಗೆ ಬಿಟ್ಟು ತಲೆಗೆ 3,500 ರೂಪಾಯಿ. ಅದು ಬಹುಕಾಲ ನಡೆಯಲಿಲ್ಲ. 2022ರ ಅಕ್ಟೋಬರಿನಲ್ಲಿ ಮತ್ತೊಂದು ಕಂಪನಿಯು ವಿಮಾನ ನಿಲ್ದಾಣಕ್ಕೂ ಎಚ್.ಎ.ಎಲ್. ನಿಲ್ದಾಣಕ್ಕೂ ನಡುವೆ ಹನ್ನೆರಡು ನಿಮಿಷದ ಹಾರಾಟವನ್ನು ಆರಂಭಿಸಿತು. ಆಗಲೂ ದರ ಮೂರು ಸಾವಿರವನ್ನು ಮೀರಿದ್ದೇ.

ಈಗ ಬೆಂಗಳೂರಿನದೇ ಆದ ಸರ್ಲಾ ಏವಿಯೇಷನ್ ಎಂಬ ಕಂಪನಿಯು ವಿದ್ಯುತ್ತಿನಿಂದ ಹಾರುವ ಟ್ಯಾಕ್ಸಿಯನ್ನು ಕಟ್ಟಹೊರಟಿದೆ. 1936ರಲ್ಲಿ ಒಬ್ಬಳೇ ವಿಮಾನ ಹಾರಿಸಿದ ಸರಳಾ ಠಕ್ರಾಲ್ ಅವರ ನೆನಪಿಗೆ ಇಟ್ಟ ಹೆಸರದು. ‘ಶೂನ್ಯ’ವೆಂಬ ಅದರ ಮಾದರಿಯನ್ನು 2025ರ ಜನವರಿಯಲ್ಲಿ ದೆಹಲಿಯಲ್ಲಿ ಪ್ರದರ್ಶಿಸಲಾಯಿತು. ಆರು ಪ್ರಯಾಣಿಕರು, ಗಂಟೆಗೆ 250 ಕಿಲೋಮೀಟರ್ ವೇಗ, ಒಮ್ಮೆಗೆ 160 ಕಿಲೋಮೀಟರ್ ವ್ಯಾಪ್ತಿ ಎಂಬುದು ಕಂಪನಿಯ ಘೋಷಣೆ.

ಇಲ್ಲೊಂದು ಸಣ್ಣ ಲೆಕ್ಕ. ಬೆಂಗಳೂರಿನಿಂದ ಚಳ್ಳಕೆರೆಗೆ ಆಕಾಶಮಾರ್ಗದಲ್ಲಿ ಗೆರೆ ಎಳೆದರೆ ಸುಮಾರು 180 ಕಿಲೋಮೀಟರ್. ಘೋಷಿಸಿದಷ್ಟು ದೂರವನ್ನು ಪೂರ್ತಿಯಾಗಿ ಹಾರಿದರೂ ಆ ಟ್ಯಾಕ್ಸಿಯು ಹಿರಿಯೂರನ್ನು ದಾಟುತ್ತಲೇ ಸುಸ್ತಾಗಿ ಕುಳಿತುಕೊಳ್ಳಬೇಕು. ಅಲ್ಲಿಂದ ಚಳ್ಳಕೆರೆಗೆ ಬರುವವರು ಹತ್ತಬೇಕಾದದ್ದು ಮತ್ತೆ ಅದೇ ಬಸ್ಸನ್ನು!

ತಳುಕಿನ ದಾರಿಯಲ್ಲಿ

ಇಷ್ಟು ಹೊತ್ತಿಗೆ ಚಳ್ಳಕೆರೆಯ ಬಸ್ಸು ಊರು ಬಿಟ್ಟು ಬಡಗಣ ದಾರಿ ಹಿಡಿದಿರುತ್ತದೆ. ಮೊದಲು ಸಿಗುವ ಹೆಸರಾಂತ ಊರು ತಳುಕು. ಕನ್ನಡ ಕಾದಂಬರಿಯ ಓದುಗರಿಗೆ ಇದು ಪರಿಚಯದ ಹೆಸರೇ: ತ.ರಾ.ಸು. ಎಂಬ ಮೂರಕ್ಷರಗಳಲ್ಲಿ ಮೊದಲನೆಯದು ಈ ಊರು. ಟಿ.ಎಸ್. ವೆಂಕಣ್ಣಯ್ಯನವರಂಥ ಹಿರಿಯ ವಿದ್ವಾಂಸರ ಮನೆತನವೂ ಇಲ್ಲಿಯದೇ. ತಳುಕನ್ನು ದಾಟಿದರೆ ದಾರಿಯು ಹಾನಗಲ್ಲಿನ ಕಡೆಗೆ ಬಾಣದಂತೆ ಸಾಗುತ್ತದೆ. ಗುಡ್ಡಗಳು ಒಂದೊಂದಾಗಿ ಹತ್ತಿರವಾಗತೊಡಗುತ್ತವೆ. ಪ್ರಯಾಣಿಕರ ಮಾತಿನಲ್ಲಿ ಕನ್ನಡದೊಡನೆ ತೆಲುಗೂ ಬೆರೆಯುತ್ತದೆ. ಆಂಧ್ರದ ರಾಯದುರ್ಗ ಇಲ್ಲಿಗೆ ದೂರವಲ್ಲ.

ಈ ಬಯಲು ದಾರಿಯ ನೇರವೇ ಹಾರುವ ಕಾರಿಗೆ ಪ್ರತಿಸ್ಪರ್ಧಿ. ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಹಕ್ಕಿ ಹಾರಿದಂತೆ ಅಳೆದರೆ ಸುಮಾರು 45 ಕಿಲೋಮೀಟರ್. ರಸ್ತೆಯಲ್ಲಿ ಬಂದರೆ ಐದಾರು ಕಿಲೋಮೀಟರು ಹೆಚ್ಚಾದೀತು, ಅಷ್ಟೇ. ಕೊಡಗಿನ ಕಣಿವೆಯಲ್ಲೋ ಆಗುಂಬೆಯ ಘಾಟಿಯಲ್ಲೋ ರೆಕ್ಕೆಯುಳ್ಳವನಿಗೆ ದೂರ ಬಹಳ ಉಳಿಯಬಹುದು. ಈ ಬಯಲಿನಲ್ಲಿ ಉಳಿಯುವುದು ಕೇವಲ ಹೊತ್ತು. ಅದೂ ಅರ್ಧ ಮುಕ್ಕಾಲು ಗಂಟೆ.

ಆ ಮುಕ್ಕಾಲು ಗಂಟೆಯ ಬೆಲೆಯೆಷ್ಟು? ಅದನ್ನು ಮೊಳಕಾಲ್ಮುರಿನ ನೇಕಾರರ ಬೀದಿಯಲ್ಲಿ ಕೇಳಬೇಕು. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಮೊಳಕಾಲ್ಮುರು ರೇಷ್ಮೆ ಸೀರೆ ಇಲ್ಲಿಯ ಮಗ್ಗಗಳಲ್ಲಿ ಹುಟ್ಟುತ್ತದೆ. ಅಂಚು ಒಂದು ಬಣ್ಣ, ಒಡಲು ಮತ್ತೊಂದು ಬಣ್ಣವಾಗಿ ಬರುವಂತೆ ಬೇರೆಬೇರೆ ಲಾಳಿಗಳನ್ನು ಆಡಿಸುತ್ತ ಎಳೆಎಳೆಯಾಗಿ ನೇಯುವ ಕೆಲಸ. ಬುಟ್ಟಾ ಹೆಚ್ಚಿದ್ದರೆ ಒಂದು ಸೀರೆಗೆ ದಿನಗಟ್ಟಲೆ ಹಿಡಿಯುತ್ತದೆ. ಅಷ್ಟು ದಿನ ತಾಳ್ಮೆಯಿಂದ ಕೂತವನು, ನೂಲು ತರುವ ದಾರಿಯಲ್ಲಿ ಮುಕ್ಕಾಲು ಗಂಟೆ ಉಳಿಸಲು ಸಾವಿರಾರು ರೂಪಾಯಿ ತೆರುವನೇ? ಅವನಿಗೆ ಬೇಕಾದದ್ದು ಬೇಗ ಹೋಗುವ ವಾಹನಕ್ಕಿಂತ ಹೊತ್ತಿಗೆ ಸರಿಯಾಗಿ ಬರುವ ವಾಹನ. ಸಂಜೆ ಮಗ್ಗದ ಕೆಲಸ ಮುಗಿಸಿ ಹೊರಟರೂ ಸಿಗುವ ವಾಹನ. ಬೆಳಿಗ್ಗೆ ಹೋದ ಮಗಳು ಸಂಜೆ ಕತ್ತಲಾಗುವ ಮುಂಚೆ ಕಾಲೇಜಿನಿಂದ ಮನೆ ಸೇರಲು ಸಾಕಾಗುವಷ್ಟು ಬಸ್ಸು.

ದಿನನಿತ್ಯದ ಪ್ರಯಾಣದಲ್ಲಿ ನಿಜವಾದ ಬದಲಾವಣೆಯು ಎಲ್ಲಿಂದ ಬರುತ್ತದೆಂಬುದಕ್ಕೆ ಈಚಿನ ಉದಾಹರಣೆಯೊಂದುಂಟು. 2023ರ ಜೂನ್ 11ರಂದು ರಾಜ್ಯದಲ್ಲಿ ‘ಶಕ್ತಿ’ ಯೋಜನೆ ಜಾರಿಗೆ ಬಂದು, ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತವಾಯಿತು. ಅಂದು ಯಾವ ಹೊಸ ಯಂತ್ರವನ್ನೂ ಯಾರೂ ಕಂಡುಹಿಡಿದಿರಲಿಲ್ಲ. ಅವೇ ಬಸ್ಸುಗಳು, ಅವೇ ರಸ್ತೆಗಳು. ಆದರೆ ಟಿಕೆಟ್ಟಿನ ಚಿಲ್ಲರೆಗೆ ಅಂಜಿ ತವರಿಗೆ ಹೋಗದೆ ಉಳಿದಿದ್ದವಳು ಹೊರಟಳು. ಕೂಲಿಗೆ ಪಕ್ಕದ ಊರಿಗಷ್ಟೇ ಹೋಗುತ್ತಿದ್ದವಳು ಪಟ್ಟಣದವರೆಗೆ ಹೋದಳು. ಬಸ್ಸುಗಳಲ್ಲಿ ನೂಕುನುಗ್ಗಲು ಹೆಚ್ಚಿತೆಂಬ ದೂರು ಬಂದಿತು. ಅದೂ ಒಂದು ಬಗೆಯ ಸಾಕ್ಷಿಯೇ. ಹೋಗಬೇಕೆಂಬ ಆಸೆ ಅಷ್ಟು ಮನೆಗಳಲ್ಲಿ ಬಹುಕಾಲದಿಂದ ಕಾದಿತ್ತು.

ವಿಮಾನದ ಕಥೆಯೂ ಇದನ್ನೇ ಹೇಳುತ್ತದೆ. ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ಸಂಸ್ಥೆಯು 2003ರ ಆಗಸ್ಟಿನಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಅಗ್ಗದ ದರದ ವಿಮಾನವನ್ನು ಆರಂಭಿಸಿದಾಗ ಜನಸಾಮಾನ್ಯನು ಮೊದಲ ಬಾರಿಗೆ ಆಕಾಶ ಕಂಡನು. ಅದು ಸಾಧ್ಯವಾದದ್ದು ಒಬ್ಬೊಬ್ಬರಿಗೊಂದು ರೆಕ್ಕೆ ಕೊಟ್ಟದ್ದರಿಂದಲ್ಲ. ಒಂದೇ ರೆಕ್ಕೆಯ ಕೆಳಗೆ ಹಲವರನ್ನು ಕೂರಿಸಿದ್ದರಿಂದ. ಆ ಸಂಸ್ಥೆ ಉಳಿಯಲಿಲ್ಲ, ಅದು ತೋರಿದ ದಾರಿ ಉಳಿಯಿತು. ಹಾರಾಟವು ಸಾಮಾನ್ಯನ ಕೈಗೆ ಎಟುಕಿದ್ದು ವಿಮಾನವು ಬಸ್ಸಿನ ಗುಣವನ್ನು ಕಲಿತಾಗಲೇ.

ರೆಕ್ಕೆ ಯಾರಿಗೆ ಬೇಕು?

ಹಾಗಾದರೆ ಈ ಸೀಮೆಗೆ ರೆಕ್ಕೆಯ ಅಗತ್ಯವೇ ಇಲ್ಲವೇ? ಹಾಗೆ ಹೇಳಿದರೆ ಅನ್ಯಾಯವಾದೀತು. ಬಸ್ಸಿನಲ್ಲಿ ಕುಳಿತ ಮುದುಕಿಯ ಸೆರಗಿನ ಗಂಟಿನಲ್ಲಿರುವ ಆಸ್ಪತ್ರೆಯ ಚೀಟಿ ಬೇರೊಂದು ಮಾತು ಹೇಳುತ್ತದೆ. ತಾಲೂಕಿನ ಆಸ್ಪತ್ರೆಯಲ್ಲಿ ಆಗದ ದೊಡ್ಡ ಚಿಕಿತ್ಸೆಗೆ ಇಲ್ಲಿಯವರು ಬಳ್ಳಾರಿಗೋ ಚಿತ್ರದುರ್ಗಕ್ಕೋ ಹೋಗಬೇಕು. ಹೊಲದಲ್ಲಿ ಹಾವು ಕಚ್ಚಿದವನಿಗೆ, ಹೆರಿಗೆಯಲ್ಲಿ ರಕ್ತ ಹೋಗುತ್ತಿರುವ ತಾಯಿಗೆ, ಮುಕ್ಕಾಲು ಗಂಟೆಯೆಂಬುದು ಮುಕ್ಕಾಲು ಗಂಟೆಯಲ್ಲ, ಆಯುಸ್ಸು. ಅಂಥ ಕಡೆ ಸಾವಿರ ರೂಪಾಯಿಯ ಲೆಕ್ಕವನ್ನು ಯಾರೂ ಮಾಡುವುದಿಲ್ಲ.

ಅಲ್ಲಿಯೂ ಮನುಷ್ಯನನ್ನೇ ಹೊತ್ತು ಹಾರಬೇಕೆಂದಿಲ್ಲ. ಚಾಲಕರಹಿತ ಸಣ್ಣ ಯಂತ್ರಗಳಿಂದ ಔಷಧವನ್ನು ಸಾಗಿಸುವ ಪ್ರಯೋಗಗಳು 2021ರ ಜೂನಿನಲ್ಲಿ ಗೌರಿಬಿದನೂರಿನ ಬಳಿ ನಡೆದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ತೆಲಂಗಾಣದ ವಿಕಾರಾಬಾದಿನಲ್ಲಿ ‘ಆಕಾಶದಿಂದ ಔಷಧ’ ಎಂಬ ಯೋಜನೆಯ ಪ್ರಯೋಗವಾಯಿತು. ಎರಡು ಕಿಲೋಗ್ರಾಂ ತೂಕದ ವಿಷಹಾರಿ ಮದ್ದನ್ನೋ ಒಂದು ಬಾಟಲಿ ರಕ್ತವನ್ನೋ ಒಯ್ಯಲು ನೂರು ಅಶ್ವಶಕ್ತಿ ಬೇಡ. ಇಳಿಯಲು ಶಾಲೆಯ ಅಂಗಳ ಸಾಕು. ಇಂಥ ಯಂತ್ರಗಳ ಹಾರಾಟವನ್ನು ಬಲ್ಲವರು ಚಳ್ಳಕೆರೆಯ ಕಾವಲಿನಲ್ಲಿಯೇ ಇದ್ದಾರೆ. ತಮ್ಮ ಹುಲ್ಲುಗಾವಲನ್ನು ಬಿಟ್ಟುಕೊಟ್ಟ ಹಟ್ಟಿಗಳಿಗೆ ಆ ವಿದ್ಯೆಯಿಂದ ಮೊದಲು ಬರಬೇಕಾದ ಕಾಣಿಕೆಯೆಂದರೆ ಅದೇ. ಹಾರುವ ಕಾರು ಆಮೇಲೆ ಬರಲಿ.

ಜಟಾಯುವಿನ ಬೆಟ್ಟ

ಮೊಳಕಾಲ್ಮುರು ತಾಲೂಕಿನ ಸಿದ್ದಾಪುರದ ಬಳಿಗೆ ಬಂದ ಪ್ರವಾಸಿಗೆ ಎರಡು ಬೆಟ್ಟಗಳು ಕಾಣಿಸುತ್ತವೆ. ಒಂದು ಬ್ರಹ್ಮಗಿರಿ, ಮತ್ತೊಂದು ಜಟಿಂಗ ರಾಮೇಶ್ವರ. 1892ರಲ್ಲಿ ಬಿ.ಎಲ್. ರೈಸರು ಇಲ್ಲಿ ಅಶೋಕನ ಶಾಸನಗಳನ್ನು ಕಂಡುಹಿಡಿದು, ಕನ್ನಡ ನಾಡಿನ ಚರಿತ್ರೆಯನ್ನು ಒಮ್ಮೆಗೇ ಮೌರ್ಯರ ಕಾಲದವರೆಗೆ ಹಿಂದಕ್ಕೊಯ್ದರು. ಬ್ರಹ್ಮಗಿರಿಯ ಬುಡದಲ್ಲಿ ಶಾಸನವಿರುವ ಬಂಡೆಯನ್ನು ಹಳ್ಳಿಗರು ಅಕ್ಷರಗುಂಡು ಎಂದು ಕರೆಯುತ್ತಿದ್ದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನು ಇಸಿಲವೆಂಬ ಇಲ್ಲಿಯ ಊರಿನ ಅಧಿಕಾರಿಗಳ ಆರೋಗ್ಯವನ್ನು ವಿಚಾರಿಸಿ ಕಳುಹಿಸಿದ ಸಂದೇಶ ಅದರಲ್ಲಿದೆ. 256 ಎಂಬ ಅಂಕೆಯೂ ಇದೆ. ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕವದು ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಚಕ್ರವರ್ತಿಯ ಮಾತೂ ಅಂದು ಇಲ್ಲಿಗೆ ಬಂದದ್ದು ಮಣ್ಣಿನ ದಾರಿಯಲ್ಲಿ, ಕಾಲ್ನಡಿಗೆಯಲ್ಲಿ, ಕುದುರೆಯ ಬೆನ್ನ ಮೇಲೆ. ಬಂದ ಮಾತು ಎರಡು ಸಾವಿರ ವರ್ಷ ದಾಟಿದರೂ ಉಳಿಯಿತು.

ಎದುರಿನ ಬೆಟ್ಟದ ಕಥೆ ಇನ್ನೂ ಹಳೆಯದು. ಸೀತೆಯನ್ನು ಕದ್ದೊಯ್ಯುತ್ತಿದ್ದ ರಾವಣನನ್ನು ಜಟಾಯುವು ಅಡ್ಡಗಟ್ಟಿ, ರೆಕ್ಕೆ ಕತ್ತರಿಸಿಕೊಂಡು ಬಿದ್ದದ್ದು ಇಲ್ಲಿಯೇ ಎಂದು ಜನರ ನಂಬಿಕೆ. ಅದರಿಂದಲೇ ಬೆಟ್ಟಕ್ಕೆ ಆ ಹೆಸರು. ವಾಲ್ಮೀಕಿಯು ರಾವಣನ ರಥಕ್ಕೆ ಕತ್ತೆಗಳನ್ನು ಹೂಡಿದ್ದರೂ ಜನರ ಬಾಯಲ್ಲಿ ಅದು ಪುಷ್ಪಕವಿಮಾನವೇ. ಎಂಥ ಸೋಜಿಗ! ಪುಷ್ಪಕದ ಕಥೆ ಹೇಳುವ ಬೆಟ್ಟದ ಬಯಲಿನಲ್ಲಿಯೇ ಇಂದಿನ ‘ಪುಷ್ಪಕ್’ ಇಳಿದಿದೆ.

ಅಜ್ಜಿಯರು ಹೇಳುವ ಪುಷ್ಪಕಕ್ಕೆ ಒಂದು ವಿಶೇಷವಿತ್ತು. ವೇಗವೂ ಅಲ್ಲ, ಬಂಗಾರದ ಕಂಬಗಳೂ ಅಲ್ಲ. ಅದರಲ್ಲಿ ಎಷ್ಟು ಜನ ಕುಳಿತರೂ ಇನ್ನೊಬ್ಬರಿಗೆ ಸ್ಥಳ ಉಳಿದೇ ಇರುತ್ತಿತ್ತಂತೆ. ಲಂಕೆಯಿಂದ ಅಯೋಧ್ಯೆಗೆ ಮರಳುವಾಗ ರಾಮನು ಕಪಿಸೇನೆಯನ್ನೂ ವಿಭೀಷಣನನ್ನೂ ಅದರಲ್ಲಿಯೇ ಕೂರಿಸಿಕೊಂಡು ಬಂದನು. ಒಬ್ಬಳನ್ನು ಕದ್ದೊಯ್ದಾಗ ಅಪಹರಣದ ರಥವಾಗಿದ್ದದ್ದು, ಎಲ್ಲರನ್ನೂ ಕರೆತಂದಾಗ ಪುಣ್ಯದ ವಾಹನವಾಯಿತು. ಯಂತ್ರ ಒಂದೇ, ಅದರಲ್ಲಿ ಯಾರಿಗೆ ಸ್ಥಳವುಂಟೆಂಬುದರ ಮೇಲೆ ಅದರ ಬೆಲೆ.

ಸಂಜೆ ಬೆಟ್ಟವಿಳಿದು ಬಂದವರು ಮತ್ತೆ ಚಳ್ಳಕೆರೆಯ ಬಸ್ಸನ್ನೇ ಕಾಯಬೇಕು. ಹೊತ್ತು ಮುಳುಗುವಾಗ ದೂಳೆಬ್ಬಿಸುತ್ತ ಅದು ಬಂದು ನಿಲ್ಲುತ್ತದೆ. ಒಳಗೆ ನೋಡಿದರೆ ಕಾಲಿಡಲು ಸ್ಥಳವಿಲ್ಲ. ಶೇಂಗಾ ಮಾರಿ ಬರಿದಾದ ಚೀಲದೊಡನೆ ರೈತ, ನೂಲಿನ ಗಂಟಿನೊಡನೆ ನೇಕಾರ, ತವರಿನಿಂದ ಹೊರಟ ಹೆಣ್ಣುಮಗಳು, ತೂಕಡಿಸುವ ಮಗು. ಹತ್ತುವುದೋ ಬಿಡುವುದೋ ಎಂದು ಅನುಮಾನಿಸುತ್ತ ನಿಂತವರ ಕಿವಿಗೆ ಬೆಳಗಿನ ಅದೇ ಕೂಗು ಬೀಳುತ್ತದೆ: “ಬರ್ರಿ ಬರ್ರಿ, ಒಳಕ್ ನಡೀರಿ, ಇನ್ನೂ ಜಾಗ ಐತೆ!”